ಹತ್ತರಿಂದ ಹನ್ನೆರಡು ಗಂಟೆ ಮಕ್ಕಳಿಗೇ ಬಿಡಿ

ಸಂಪಾದಕರಿಗೆ ನಮಸ್ಕಾರ.

ಈ ಸಲ ಜೂನ್‌ನಲ್ಲಿ ನನ್ನ ಮೊಮ್ಮಗಳನ್ನು ನಮ್ಮೂರಿನ ಅಂಗನವಾಡಿಗೆ ಸೇರಿಸಿದೆವು. ಮೂರು ವರ್ಷ ತುಂಬಿ ಮೂರು ತಿಂಗಳಾದ ಮಗು. ಸೊಸೆ ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಹೋಗುತ್ತಾಳೆ. ಹಾಗಾಗಿ ಬಿಟ್ಟು ಬರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಸೆರಗು ಹಿಡಿದವಳು ಬಿಡಲೇ ಇಲ್ಲ. ಟೀಚರ್, "ಪರವಾಗಿಲ್ಲ ಅಮ್ಮ, ನೀವೂ ಕೂತ್ಕೊಳ್ಳಿ" ಅಂದರು. ಹಾಗೆ ಕೂತವಳು ಮೂರು ವಾರ ದಿನಾ ಬೆಳಿಗ್ಗೆ ಅಲ್ಲೇ ಮೂಲೆಯಲ್ಲಿ ಚಾಪೆ ಮೇಲೆ ಕೂತೆ. ಮಾಡುವುದಕ್ಕೆ ಬೇರೇನೂ ಇರಲಿಲ್ಲ. ನೋಡುತ್ತಿದ್ದೆ. ನೋಡಿದ್ದರಲ್ಲಿ ಒಂದು ಮಾತನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಲೇಬೇಕು ಅನ್ನಿಸಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಂಗನವಾಡಿ ಅಂದರೆ ಮಕ್ಕಳಿಗೆ ಊಟ ಹಾಕಿ ಮಲಗಿಸುವ ಜಾಗ ಅಂತ ನಮ್ಮಲ್ಲಿ ತುಂಬಾ ಜನ ತಿಳಿದುಕೊಂಡಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಪಕ್ಕದ ಮನೆಯವರು ತಮ್ಮ ಹುಡುಗನನ್ನು ಪೇಟೆಯ ಎಲ್‌ಕೆಜಿಗೆ ಹಾಕಿದ್ದಾರೆ. ಬೆಳಿಗ್ಗೆ ಎಂಟಕ್ಕೆ ವ್ಯಾನ್ ಬರುತ್ತದೆ. ಸಂಜೆ ಆ ಮಗು ಜಗಲಿ ಮೇಲೆ ಕೂತು ಒಂದರಿಂದ ಐವತ್ತರವರೆಗೆ ಎರಡು ಸಲ ಬರೆಯುತ್ತದೆ. ಅದನ್ನು ನೋಡಿದಾಗ ನಮ್ಮ ಮನೆಯಲ್ಲೂ, "ನಮ್ಮ ಮಗು ಹಿಂದೆ ಬಿತ್ತಲ್ಲ" ಅನ್ನುವ ಮಾತು ಬಂತು. ಮೂರು ವಾರ ಕೂತ ಮೇಲೆ ನನಗೆ ಆ ಚಿಂತೆ ಹೋಯಿತು.

ಒಂದು ಸಣ್ಣ ವಿಷಯ ಹೇಳುತ್ತೇನೆ. ಮಕ್ಕಳು ಬಂದ ಕೂಡಲೇ ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತವೆ. ಒಂದು ಇಲ್ಲಿ, ಇನ್ನೊಂದು ಅಲ್ಲಿ. ಅಲ್ಲಿನ ಸಹಾಯಕಿ ಅವನ್ನು ತಾನು ಎತ್ತಿಡುವುದಿಲ್ಲ. ದಿನಕ್ಕೆ ಇಬ್ಬರು ಮಕ್ಕಳನ್ನು ಕರೆದು, "ಜೋಡಿ ಹುಡುಕಿ ಇಡ್ರೋ" ಅನ್ನುತ್ತಾರೆ. ಮೂರೂವರೆ ವರ್ಷದ ಮಗು ಒಂದು ಕೆಂಪು ಚಪ್ಪಲಿ ಕೈಯಲ್ಲಿ ಹಿಡಿದು, ಇಪ್ಪತ್ತು ಚಪ್ಪಲಿ ನಡುವೆ ಅದರ ಜೊತೆಗಾರನನ್ನು ಹುಡುಕುವುದನ್ನು ನೀವು ನೋಡಬೇಕು. ಬಣ್ಣ ಒಂದೇ ಇದ್ದರೂ ಅಳತೆ ಬೇರೆ. ಅಳತೆ ಒಂದೇ ಇದ್ದರೂ ಎರಡೂ ಎಡಗಾಲಿನವು. ಮಗು ಎರಡನ್ನೂ ಅಕ್ಕಪಕ್ಕ ಇಟ್ಟು, ತಲೆ ಓರೆ ಮಾಡಿ ನೋಡಿ, ಅಲ್ಲ ಅಂತ ಮತ್ತೆ ಎತ್ತುತ್ತದೆ. ಅಷ್ಟು ಗಮನ ಕೊಟ್ಟು ನಾವು ದೊಡ್ಡವರು ಏನನ್ನು ನೋಡುತ್ತೇವೆ ಹೇಳಿ?

ಹಾಲಿನ ಹೊತ್ತೂ ಹಾಗೇ. ಕ್ಷೀರಭಾಗ್ಯದ ಹಾಲು, ಒಂದು ಮಗುವಿಗೆ 150 ಮಿಲಿ ಲೀಟರ್. ಲೋಟ ಹಂಚುವ ಕೆಲಸ ಮಕ್ಕಳದ್ದೇ. ಹದಿನಾಲ್ಕು ಮಕ್ಕಳು ಬಂದಿದ್ದರೆ ಹದಿನಾಲ್ಕು ಲೋಟ. ಒಬ್ಬೊಬ್ಬರ ಮುಂದೆ ಒಂದೊಂದು ಇಡುತ್ತಾ ಹೋಗಬೇಕು. ಕೊನೆಗೆ ಒಂದು ಲೋಟ ಉಳಿದರೆ, "ಯಾರಿಗೆ ಬಂದಿಲ್ಲ?" ಅಂತ ಟೀಚರ್ ಕೇಳುತ್ತಾರೆ. ಮಕ್ಕಳೆಲ್ಲ ತಿರುಗಿ ತಿರುಗಿ ನೋಡುತ್ತವೆ. ನನ್ನ ಮೊಮ್ಮಗಳಿಗೆ ಇನ್ನೂ ಹತ್ತರವರೆಗೆ ಸರಿಯಾಗಿ ಹೇಳಲು ಬರುವುದಿಲ್ಲ, ಏಳನ್ನು ಬಿಟ್ಟುಬಿಡುತ್ತಾಳೆ. ಆದರೆ ಈಗ ಮನೆಯಲ್ಲಿ ರಾತ್ರಿ ತಟ್ಟೆ ಇಡುವವಳು ಅವಳೇ. "ಅಪ್ಪಂಗೆ, ಅಮ್ಮಂಗೆ, ಅಜ್ಜಿಗೆ, ನಂಗೆ" ಅಂತ ಒಂದೊಂದೇ ಇಡುತ್ತಾಳೆ. ಒಂದೂ ಜಾಸ್ತಿ ಇಲ್ಲ, ಒಂದೂ ಕಮ್ಮಿ ಇಲ್ಲ.

ಇದಕ್ಕೆಲ್ಲ ಹಿಂದೆ ಒಂದು ಯೋಚನೆ ಇದೆ ಅಂತ ಟೀಚರ್ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ನಮ್ಮ ರಾಜ್ಯದ ಅಂಗನವಾಡಿಗಳಿಗೆ 'ಚಿಲಿಪಿಲಿ' ಅನ್ನುವ ಪಠ್ಯಕ್ರಮವೇ ಇದೆ. ನನ್ನ ಕುಟುಂಬ, ತರಕಾರಿ, ಪ್ರಾಣಿ ಹೀಗೆ ಒಂದೊಂದು ವಿಷಯ ತೆಗೆದುಕೊಂಡು ಅದರ ಮೇಲೇ ಹಾಡು, ಕತೆ, ಆಟ, ಚಿತ್ರ. ತರಕಾರಿ ವಾರದಲ್ಲಿ ಒಂದು ಮಗು ಬದನೆಕಾಯಿ ತಂದಿತ್ತು, ಇನ್ನೊಂದು ಹೀರೆಕಾಯಿ. ಕಣ್ಣು ಮುಚ್ಚಿ ಮುಟ್ಟಿ ಹೇಳುವ ಆಟ. ಹೀರೆಕಾಯಿಯ ಏಣು ಮುಟ್ಟಿ, "ಇದು ಬಾಚಣಿಗೆ" ಅಂದ ಹುಡುಗನಿಗೆ ಯಾರೂ ಬೈಯಲಿಲ್ಲ. ಬಾಚಣಿಗೆ ತಂದು ಕೊಟ್ಟು, ಎರಡನ್ನೂ ಮುಟ್ಟಿ ನೋಡು ಅಂದರು.

ನಮ್ಮ ಯಜಮಾನರು ಪ್ರೈಮರಿ ಮೇಷ್ಟ್ರಾಗಿದ್ದರು. ಜರ್ಮನಿಯ ಫ್ರೋಬೆಲ್ ಅನ್ನುವವರ ವಿಷಯ ಆಗಾಗ ಹೇಳುತ್ತಿದ್ದರು. 1837ರಲ್ಲಿ ಪುಟ್ಟ ಮಕ್ಕಳಿಗೆ ಅಂತಲೇ ಒಂದು ಶಾಲೆ ತೆರೆದು, ಆಮೇಲೆ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟವರು ಅವರು. ಅವರು ಮಕ್ಕಳ ಕೈಗೆ ಮೊದಲು ಕೊಟ್ಟಿದ್ದು ಪುಸ್ತಕವಲ್ಲ, ಬಣ್ಣದ ಉಣ್ಣೆಯ ಚೆಂಡು. ಗುಜರಾತಿನ ಗಿಜುಭಾಯಿ ಬಧೇಕಾ ಅವರಂತೂ ವಕೀಲರಾಗಿದ್ದವರು. ಅದನ್ನು ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಅವರಿಗೆ ಬಂದ ಹೆಸರು 'ಮೀಸೆ ಇರುವ ಅಮ್ಮ'. ಈ ಹೆಸರು ಹೇಳುವಾಗ ನಮ್ಮ ಯಜಮಾನರ ಕಣ್ಣು ತುಂಬುತ್ತಿತ್ತು. ನಾಲ್ಕು ಗೋಡೆಯ ನಮ್ಮ ಅಂಗನವಾಡಿಯಲ್ಲಿ ಚಪ್ಪಲಿ ಜೋಡಿ ಹುಡುಕುವ ಮಕ್ಕಳನ್ನು ಕಂಡಿದ್ದರೆ ಅವರು ಎಷ್ಟು ಸಂತೋಷಪಡುತ್ತಿದ್ದರೋ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

ಎರಡನೇ ವಾರದ ಒಂದು ದಿನ ಟೀಚರ್ ಒಂದು ಡಬ್ಬಿ ತುಂಬಾ ಬೀಜ ತಂದು ಸುರಿದರು. ಹುಣಸೆ ಬೀಜ, ಅವರೆಕಾಳು, ಹುರುಳಿ, ಸೀತಾಫಲದ ಬೀಜ. ಬೇರೆ ಬೇರೆ ಮಾಡಿ ಇಡಿ ಅಂದರು. ಮಕ್ಕಳು ಕೂತವು. ಒಬ್ಬ ಹುಡುಗ, ನಾಲ್ಕು ವರ್ಷ ಇರಬಹುದು, ಮಾತೇ ಆಡದವನು. ಅವನು ಹುಣಸೆ ಬೀಜಗಳನ್ನು ಮಾತ್ರ ಆರಿಸಿಕೊಂಡ. ಆಮೇಲೆ ಅವನ್ನೇ ಮೂರು ಗುಡ್ಡೆ ಮಾಡಿದ. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಗಾತ್ರವೂ ಅಲ್ಲ, ಬಣ್ಣವೂ ಅಲ್ಲ. ಅವನು ಮಾತ್ರ ಒಂದೊಂದನ್ನೂ ಬೆರಳಲ್ಲಿ ಉಜ್ಜಿ ನೋಡಿ, ಒಂದಲ್ಲ ಒಂದು ಗುಡ್ಡೆಗೆ ಹಾಕುತ್ತಿದ್ದ. ಟೀಚರ್ ಅದನ್ನು ಗಮನಿಸಿದರು. ಅವನ ಎದುರು ಕುಕ್ಕರಗಾಲಲ್ಲಿ ಕೂತು, "ಇವನ್ನ ಯಾಕಪ್ಪಾ ಬೇರೆ ಇಟ್ಟೆ?" ಅಂತ ಮೆಲ್ಲಗೆ ಕೇಳಿದರು. ಹುಡುಗ ತಲೆ ಎತ್ತಿದ. ಬಾಯಿ ತೆರೆದ.

ಫೋನ್ ಬಂತು.

ಯಾವುದೋ ಮಾಹಿತಿ ಆ ಕ್ಷಣಕ್ಕೇ ಬೇಕಂತೆ. ಟೀಚರ್ ಎದ್ದು ಹೋಗಿ ದೊಡ್ಡ ರಿಜಿಸ್ಟರ್ ತೆಗೆದರು. ಬಾಣಂತಿಯರೆಷ್ಟು, ಗರ್ಭಿಣಿಯರೆಷ್ಟು, ತೂಕ ಕಮ್ಮಿ ಇರುವ ಮಕ್ಕಳೆಷ್ಟು. ಹೇಳಿ ಮುಗಿಸಿ, ಅದನ್ನೇ ಮತ್ತೆ ಮೊಬೈಲಿಗೂ ತುಂಬಿಸಿದರು. ನೆಟ್‌ವರ್ಕ್ ಸಿಗದೆ ಅಂಗಳಕ್ಕೆ ಹೋಗಿ ನಿಂತರು. ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಮೇಲಾಗಿತ್ತು. ಹುಡುಗ ಅಷ್ಟರಲ್ಲಿ ಮೂರೂ ಗುಡ್ಡೆಗಳನ್ನು ಒಂದು ಮಾಡಿ ಡಬ್ಬಿಗೆ ತುಂಬಿ, ಕಿಟಕಿ ಹತ್ತಿರ ನಿಂತಿದ್ದ. ಟೀಚರ್ ಮತ್ತೆ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಊಟ ಆದ ಮೇಲೆ ನಾನೂ ಕೇಳಿದೆ. "ಗೊತ್ತಿಲ್ಲ" ಅಂದ.

ಮೂರು ವಾರದಲ್ಲಿ ಇಂಥದ್ದು ಎಷ್ಟು ಸಲ ನಡೆಯಿತು ಅಂತ ಲೆಕ್ಕ ಇಟ್ಟಿಲ್ಲ. ಆದರೆ ಫೋನ್ ಬಾರದ ಬೆಳಿಗ್ಗೆ ಒಂದೂ ನೆನಪಿಲ್ಲ. ಫೋನ್ ಅಲ್ಲದಿದ್ದರೆ ಮೀಟಿಂಗ್. ಮೀಟಿಂಗ್ ಅಲ್ಲದಿದ್ದರೆ ಸರ್ವೆ, ಮತದಾರರ ಪಟ್ಟಿ. ಊರಿನ ನಾವೂ ಕಮ್ಮಿ ಇಲ್ಲ. ಸಹಿ ಬೇಕು, ಕಾರ್ಡ್ ಬೇಕು ಅಂತ ಹತ್ತೂವರೆಗೆ ಬಾಗಿಲಲ್ಲಿ ನಿಲ್ಲುತ್ತೇವೆ. ಹಿಂದೆ ನಾನೂ ಹಾಗೆ ಹೋಗಿ ನಿಂತಿದ್ದೇನೆ. ಒಳಗೆ ಕತೆ ನಡೆಯುತ್ತಿದೆಯಾ, ಹಾಡು ನಡೆಯುತ್ತಿದೆಯಾ ಅಂತ ಒಂದು ದಿನವೂ ನೋಡಿರಲಿಲ್ಲ.

ಟೀಚರ್ ಮೇಲೆ ನನಗೆ ಒಂದು ಚೂರೂ ದೂರಿಲ್ಲ. ಸಂಬಳವೂ ಅಲ್ಲ, ಗೌರವಧನ ಅನ್ನುವ ಹೆಸರಲ್ಲಿ ಸಿಗುವ ದುಡ್ಡಿಗೆ ಆಕೆ ಮಾಡುವ ಕೆಲಸ ನೋಡಿದರೆ ಕೈ ಮುಗಿಯಬೇಕು. ಗರ್ಭಿಣಿ ಬಾಣಂತಿಯರಿಗೆ ಕೊಡುವ ಮಾತೃಪೂರ್ಣದ ಊಟ ನೋಡಬೇಕು, ತೂಕ ನೋಡಬೇಕು, ಚುಚ್ಚುಮದ್ದಿಗೆ ಮನೆಮನೆಗೆ ಹೇಳಿ ಬರಬೇಕು. ಇವೆಲ್ಲ ಬೇಡವಾದ ಕೆಲಸಗಳೂ ಅಲ್ಲ. ತೂಕ ಬರೆಯದೆ ಇದ್ದರೆ ಯಾವ ಮಗು ಸೊರಗುತ್ತಿದೆ ಅಂತ ಹೇಗೆ ಗೊತ್ತಾಗಬೇಕು? ನನ್ನ ತಕರಾರು ಕೆಲಸದ ಬಗ್ಗೆ ಅಲ್ಲ, ಹೊತ್ತಿನ ಬಗ್ಗೆ.

ಅಂಗನವಾಡಿ ಬೆಳಿಗ್ಗೆ 9.30ಕ್ಕೆ ತೆರೆದು ಸಂಜೆ 4ಕ್ಕೆ ಮುಚ್ಚುತ್ತದೆ. ಮೊದಲ ಅರ್ಧ ಗಂಟೆ ಮಕ್ಕಳು ಬರುವುದರಲ್ಲಿ, ಅಳುವವರನ್ನು ಸಮಾಧಾನ ಮಾಡುವುದರಲ್ಲಿ ಹೋಗುತ್ತದೆ. ಊಟ ಆದ ಮೇಲೆ ಅರ್ಧ ಮಕ್ಕಳು ನಿದ್ದೆ. ಕಲಿಯುವ ಹೊತ್ತು ಅಂತ ಇರುವುದು ಹತ್ತರಿಂದ ಹನ್ನೆರಡು. ಎರಡೇ ಗಂಟೆ. ಆ ಎರಡು ಗಂಟೆ ಯಾರೂ ಫೋನ್ ಮಾಡಬಾರದು, ಮೀಟಿಂಗ್ ಕರೆಯಬಾರದು, ಮಾಹಿತಿ ಕೇಳಬಾರದು ಅಂತ ಒಂದು ಆದೇಶ ಹೊರಡಿಸಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಬಜೆಟ್ ಬೇಕಿಲ್ಲ. ಹೈಸ್ಕೂಲಿನ ಗಣಿತದ ಕ್ಲಾಸಿನಲ್ಲಿ ಮೇಷ್ಟ್ರನ್ನು ಇಪ್ಪತ್ತು ನಿಮಿಷ ಹೊರಗೆ ನಿಲ್ಲಿಸಿದರೆ ನಾವು ಸುಮ್ನೆ ಇರುತ್ತೇವಾ? ಮೂರು ವರ್ಷದ ಮಗುವಿನ ಕ್ಲಾಸ್ ಕ್ಲಾಸೇ ಅಲ್ವಾ? ಹೈಸ್ಕೂಲಿನ ಹುಡುಗ ಬಿಟ್ಟ ಪಾಠವನ್ನು ಪುಸ್ತಕ ತೆಗೆದು ಓದಿಕೊಳ್ಳಬಹುದು. ಹುಣಸೆ ಬೀಜದ ಹುಡುಗನ ಉತ್ತರ ಯಾವ ಪುಸ್ತಕದಲ್ಲಿದೆ?

ನನ್ನ ತವರು ಟಿ. ನರಸೀಪುರದ ಹತ್ತಿರ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಈ ಅಂಗನವಾಡಿಗಳನ್ನು ತಂದ ಯೋಜನೆ, ಶುರುವಾದಾಗ ನಮ್ಮ ರಾಜ್ಯದಲ್ಲಿ ಆರಿಸಿದ್ದು ಅದೇ ತಾಲ್ಲೂಕನ್ನು. ನನಗಾಗ ಹತ್ತು ವರ್ಷ. ಸ್ವಲ್ಪ ದಿನಕ್ಕೆ ನಮ್ಮ ಕೇರಿಗೂ ಅಂಗನವಾಡಿ ಬಂತು. ನನ್ನ ಕೊನೇ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದವಳು ನಾನು. ಇದ್ದಿದ್ದು ಒಂದೇ ಕೋಣೆ. ಆಗಿನ ಟೀಚರ್ ಮಕ್ಕಳ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದುದು. ಆ ಕಾಲಕ್ಕಿಂತ ಈಗ ಎಲ್ಲವೂ ಉತ್ತಮವಾಗಿದೆ. ಮೊಟ್ಟೆ ಇದೆ, ಹಾಲಿದೆ, ಗೋಡೆ ತುಂಬಾ ಚಿತ್ರ ಇದೆ, ಆಟದ ಸಾಮಾನಿದೆ. ಮಕ್ಕಳ ಮಧ್ಯೆ ಕೂರುವ ಆ ಹೊತ್ತು ಮಾತ್ರ ಕಮ್ಮಿಯಾಗಿದೆ.

ತಂದೆ ತಾಯಿಯರಿಗೂ ಒಂದು ಮಾತು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಾಗ ಮಗುವಿಗೆ ಒಂದು ವರ್ಷ ನಷ್ಟ ಅಂತ ಎಷ್ಟೊಂದು ಜನ ಬೇಜಾರು ಮಾಡಿಕೊಂಡರು. ಸರ್ಕಾರ 2025-26ಕ್ಕೆ ಮಾತ್ರ ಅಂತ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಬೀಜ ಆರಿಸುತ್ತಾ, ಕತೆ ಕೇಳುತ್ತಾ ಇನ್ನೊಂದು ವರ್ಷ ಸಿಕ್ಕರೆ ಅದು ಲಾಭ, ನಷ್ಟವಲ್ಲ. ನಿಮ್ಮ ಮಗು ಹೋಗುವುದು ಅಂಗನವಾಡಿಯಾಗಲಿ, ಎಲ್‌ಕೆಜಿಯಾಗಲಿ, ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಮೂಲೆಯಲ್ಲಿ ಕೂತು ನೋಡಿ. ಸಂಜೆ ಮನೆಗೆ ಬಂದ ಮಗುವಿಗೆ, "ಏನು ಬರೆದೆ?" ಅಂತ ಕೇಳಬೇಡಿ. "ಯಾರ ಜೊತೆ ಆಡಿದೆ? ಏನು ಜೋಡಿಸಿದೆ?" ಅಂತ ಕೇಳಿ.

ಅಂಗನವಾಡಿ ನೋಡಿಕೊಳ್ಳಲು ಊರಿನವರೇ ಇರುವ ಬಾಲವಿಕಾಸ ಸಮಿತಿಯಲ್ಲಿ ನಾನು ಈ ಮಾತು ಎತ್ತಿದೆ. ಎಲ್ಲರೂ ಒಪ್ಪಿದರು. ಹತ್ತರಿಂದ ಹನ್ನೆರಡರವರೆಗೆ ಒಳಗೆ ಬರಬೇಡಿ ಅಂತ ಒಂದು ಬೋರ್ಡ್ ಬರೆಸಿ ಬಾಗಿಲಿಗೆ ಹಾಕಿದ್ದೇವೆ. ಸಹಿಗೆ ಬರುವವರು ಈಗ ಮಧ್ಯಾಹ್ನ ಬರುತ್ತಾರೆ. ಫೋನ್ ಮಾತ್ರ ಹಾಗೇ ಬರುತ್ತಿದೆ. ಮೇಲಿಂದ ಬರುವ ಫೋನನ್ನು ತೆಗೆಯದೆ ಇರಲು ಟೀಚರ್‌ಗೆ ಆಗುವುದಿಲ್ಲ. ಸಂಬಂಧಪಟ್ಟ ಅಧಿಕಾರಿಗಳು ದಯವಿಟ್ಟು ಹನ್ನೆರಡು ಗಂಟೆ ಆದ ಮೇಲೆ ಮಾಡಿ.

ಇಂತಿ ನಮಸ್ಕಾರಗಳು,
ಒಬ್ಬ ಅಜ್ಜಿ, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ