ಕ್ವೇಸಾರ್ ಉಪನ್ಯಾಸ ಮೈದಾನದಲ್ಲಿ ಮುಗಿಯಲಿ

ಮಾನ್ಯ ಸಂಪಾದಕರೇ,

ದೈತ್ಯ ಕಪ್ಪುಕುಳಿ, ಅದರ ಸುತ್ತ ಕಾದ ಅನಿಲ ಬೆಳಗುವ ಕ್ವೇಸಾರ್ ಎಂದು ಸಾರ್ವಜನಿಕ ಉಪನ್ಯಾಸ ಇಟ್ಟುಕೊಳ್ಳುವವರು ಪರದೆಯ ಮೇಲೆ ಕಿತ್ತಳೆ ಬಣ್ಣದ ಬಳೆಯೊಂದನ್ನು ತೋರಿಸಿ ಸಭಿಕರನ್ನು ಮನೆಗೆ ಕಳಿಸಿಬಿಡುತ್ತಾರೆ. ಅದು ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ, 2019ರಲ್ಲಿ ಹೊರಬಂದದ್ದು. ರೇಡಿಯೋ ಅಲೆಗಳಿಂದ ಕಟ್ಟಿದ್ದಾದ್ದರಿಂದ ಆ ಬಣ್ಣ ವಿಜ್ಞಾನಿಗಳು ಬಳಿದದ್ದು. ಕಣ್ಣಿಗೇ ಸಿಗುವ ಕ್ವೇಸಾರ್ ಒಂದಿರುವಾಗ ಬರೀ ಚಿತ್ರಕ್ಕೆ ತೃಪ್ತರಾಗುವುದೇಕೆ? 3ಸಿ 273 ಎಂಬ ಅದನ್ನು ಊರಾಚೆಯ ಮೈದಾನದಿಂದ ಎಂಟು ಇಂಚಿನ ದೂರದರ್ಶಕದಲ್ಲಿ ನೋಡಬಹುದು.

ಮೊದಲು ಸಭಾಂಗಣದ ಮಾತು. ಹಿಗ್ಗುವ ಬಟ್ಟೆ ಬಿಗಿದು, ನಡುವೆ ಕಬ್ಬಿಣದ ಗುಂಡಿಟ್ಟು, ಗೋಲಿ ಉರುಳಿಸುವ ಪ್ರಯೋಗ ಎಲ್ಲರಿಗೂ ಇಷ್ಟ. ಗೋಲಿ ನಾಲ್ಕು ಸುತ್ತು ಹಾಕಿ ಗುಂಡಿಗೆ ಬೀಳುತ್ತದೆ; ಕಪ್ಪುಕುಳಿ ಕಂಡದ್ದನ್ನೆಲ್ಲ ಹೀರಿಕೊಳ್ಳುತ್ತದೆ ಎಂಬ ತಪ್ಪು ಅಲ್ಲೇ ಬೇರೂರುತ್ತದೆ. ಗೋಲಿ ಬಿದ್ದದ್ದು ಬಟ್ಟೆಯ ಘರ್ಷಣೆಯಿಂದ. ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಇದ್ದರೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತದೆ. ನಮ್ಮ ಹಾಲುಹಾದಿಯ ನಡುವಿನ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು ದ್ರವ್ಯರಾಶಿಯದು. ಒಬ್ಬ ಸೂರ್ಯನಷ್ಟು ದ್ರವ್ಯರಾಶಿಗೆ ಮೂರು ಕಿ.ಮೀ. ಲೆಕ್ಕದಲ್ಲಿ ಅದರ ತ್ರಿಜ್ಯ 1.3 ಕೋಟಿ ಕಿ.ಮೀ. ಅದನ್ನು 16 ವರ್ಷಕ್ಕೊಮ್ಮೆ ಸುತ್ತುವ ಎಸ್2 ನಕ್ಷತ್ರ 2018ರ ಮೇ ತಿಂಗಳಲ್ಲಿ ಸುಮಾರು 1,800 ಕೋಟಿ ಕಿ.ಮೀ. ಸಮೀಪಕ್ಕೆ ಹೋಗಿ ಸಲೀಸಾಗಿ ಹೊರಬಂತು.

ಆದರೆ ಗೋಲಿಯನ್ನು ಬಿಸಾಡಬೇಡಿ. ನಕ್ಷತ್ರಕ್ಕೆ ಸುಳ್ಳಾದದ್ದು ಅನಿಲಕ್ಕೆ ಹೆಚ್ಚುಕಡಿಮೆ ನಿಜ. ತಟ್ಟೆಯಂತೆ ಸುತ್ತುವ ಅನಿಲದ ಪದರಗಳು ಕಾಂತಕ್ಷೇತ್ರದ ಎಳೆದಾಟದಲ್ಲಿ ಕೋನೀಯ ಸಂವೇಗವನ್ನು, ಅಂದರೆ ಸುತ್ತುವ ರಭಸವನ್ನು, ಹೊರಗಿನವಕ್ಕೆ ದಾಟಿಸಿ, ಕಾದು, ಒಳಗೆ ಸರಿಯುತ್ತವೆ. ಆ ಕಾವಿನ ಬೆಳಕೇ ಕ್ವೇಸಾರ್. ಸೂರ್ಯನಲ್ಲಿ ಜಲಜನಕ ಹೀಲಿಯಂ ಆಗುವಾಗ ದ್ರವ್ಯರಾಶಿಯ ಶೇ 0.7ರಷ್ಟು ಶಕ್ತಿಯಾಗುತ್ತದೆ; ಇಲ್ಲಿ ಶೇ 10ರ ಆಸುಪಾಸು.

ದೂರದ ಬೆಳಕಿನ ಅಲೆಗಳು ಹಿಗ್ಗಿ ಕೆಂಪಿನತ್ತ ಸರಿಯುವ ಕೆಂಪುಪಲ್ಲಟವನ್ನು ತೋರಿಸಲು ದರ್ಜಿಯ ಇಲಾಸ್ಟಿಕ್ ಪಟ್ಟಿ ಸಾಕು. ಒಂದು ತುದಿಯನ್ನು ಮೇಜಿನ ಮೇಲೆ ಅಳತೆ ಟೇಪಿನ ಸೊನ್ನೆಗೆ ಬಿಗಿಯಾಗಿ ಅಂಟಿಸಿ, 410, 434, 486 ಮಿ.ಮೀ.ಗೆ ಗೆರೆ ಹಾಕಿ. ಜಲಜನಕದ ಮೂರು ಗೆರೆಗಳ ಅಲೆಯುದ್ದ ಅಷ್ಟೇ ನ್ಯಾನೋಮೀಟರ್. ಕೊನೆಯ ಗೆರೆ 563ಕ್ಕೆ ಬರುವಂತೆ ಎಳೆದರೆ ಉಳಿದೆರಡು ತಾವಾಗಿ 475 ಮತ್ತು 503ಕ್ಕೆ ಬಂದು ಕೂರುತ್ತವೆ. 1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟೆನ್ ಶ್ಮಿಟ್ 3ಸಿ 273ರ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ಗುರುತಿಸಿದ್ದು ಇದನ್ನೇ, ಶೇ 15.8ರ ಹಿಗ್ಗು. ಕಾಗದದ ಪಟ್ಟಿಯಾದರೆ ಮಕ್ಕಳು ಮೂರನ್ನೂ ಒಂದೇ ಅಳತೆ ಪಕ್ಕಕ್ಕೆ ಸರಿಸುತ್ತಾರೆ, ಲೆಕ್ಕ ಕೂಡುವುದಿಲ್ಲ. ಹಳೆಯ ಇಲಾಸ್ಟಿಕ್ ಒಂದೇ ಸಮ ಹಿಗ್ಗದು, ಹೊಸದನ್ನೇ ತನ್ನಿ.

ಇನ್ನು ಮೈದಾನ. ಉತ್ತರೆ, ಚಿತ್ತೆ ಎರಡೂ ಮಳೆಯ ಹೆಸರಾಗಿ ರೈತರ ಬಾಯಲ್ಲಿರುವ ನಕ್ಷತ್ರಗಳು. ಎರಡನ್ನೂ ಸೇರಿಸಿ ಗೆರೆ ಎಳೆದರೆ 3ಸಿ 273 ಇರುವುದು ಬಹುಮಟ್ಟಿಗೆ ನಟ್ಟನಡುವೆ. ನಿಖರವಾಗಿ ಬೇಕೆಂದರೆ ಕನ್ಯಾ ರಾಶಿಯ ಈಟಾ ತಾರೆಯಿಂದ ಈಶಾನ್ಯಕ್ಕೆ ಮೂರೂವರೆ ಡಿಗ್ರಿ. ಕಾಂತಿಮಾನ (ಅಂಕಿ ಹೆಚ್ಚಿದಷ್ಟೂ ಮಸುಕು) ಸುಮಾರು 12.9, ಪೇಟೆಯ ದೀಪಗಳ ನಡುವೆ ಎಂಟು ಇಂಚು ಸೋಲುತ್ತದೆ. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಒಂಬತ್ತಕ್ಕೆ ಅದು ಪೂರ್ವದಲ್ಲಿ ಸುಮಾರು 55 ಡಿಗ್ರಿ ಎತ್ತರದಲ್ಲಿರುತ್ತದೆ. ಹನ್ನೊಂದು ದಾಟಿದರೆ ನೆತ್ತಿಯ ಹತ್ತಿರ, ಅಲ್ಲಿ ಪೆಟ್ಟಿಗೆಯಂಥ ಪೀಠದ ಮೇಲೆ ಕೈಯಿಂದ ತಿರುಗಿಸುವ ಡಾಬ್ಸೋನಿಯನ್ ದೂರದರ್ಶಕವನ್ನು ತಿರುಗಿಸುವುದು ಹೆಣಗಾಟ.

ಇಂಥ ಕನ್ನಡಿಯ ದೂರದರ್ಶಕದಲ್ಲಿ (ನ್ಯೂಟೋನಿಯನ್) ಬಿಂಬ ತಲೆಕೆಳಗು, ಆದ್ದರಿಂದ ನಕ್ಷೆಯನ್ನೂ ತಲೆಕೆಳಗಾಗಿ ಹಿಡಿಯಬೇಕು. ನಕ್ಷೆಯಿಲ್ಲದೆ ಹೊರಟವರು ಪಕ್ಕದ ಯಾವುದೋ ನಕ್ಷತ್ರ ತೋರಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ, ಏಕೆಂದರೆ ಕ್ವೇಸಾರ್ ಕಾಣುವುದೂ ಮಸುಕಾದ ಚುಕ್ಕೆಯಾಗಿಯೇ. 150 ಪಟ್ಟು ಹಿಗ್ಗಿಸುವ ಕಣ್ಣುಮಸೂರ ಹಾಕಿ, ಚುಕ್ಕೆಯ ಪಕ್ಕಕ್ಕೆ ದೃಷ್ಟಿ ಇಡಲು ಹೇಳಿ. ಕಣ್ಣು ಕತ್ತಲೆಗೆ ಒಗ್ಗಲು 20 ನಿಮಿಷ ಬೇಕು. ಸಾಲಿನಲ್ಲಿ ಒಂದು ಮೊಬೈಲ್ ಬೆಳಗಿದರೆ ಅಷ್ಟೂ ವ್ಯರ್ಥ. ಮೋಟಾರು ಇಲ್ಲದ ದೂರದರ್ಶಕದಲ್ಲಿ ಚುಕ್ಕೆ ಒಂದೂಕಾಲು ನಿಮಿಷದಲ್ಲಿ ದೃಷ್ಟಿಕ್ಷೇತ್ರವನ್ನೇ ದಾಟಿಬಿಡುತ್ತದೆ, ಹಾಗಾಗಿ ಪ್ರತಿಯೊಬ್ಬರಿಗೂ ಮುನ್ನ ಯಾರಾದರೂ ಸರಿಪಡಿಸಬೇಕು.

"ಇಷ್ಟೇನಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಲಿನಲ್ಲಿ ನಿಂತಾಗಲೇ ಹೇಳಿಡಿ: ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಈ ಬೆಳಕು ಹೊರಟಾಗ ಆ ಬಂಡೆಗೆ ಆಗಲೇ ನೂರು ಕೋಟಿ ತುಂಬಿತ್ತು.

ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ, ಅಮಾವಾಸ್ಯೆಯ ಆಸುಪಾಸಿನ ದಿನವನ್ನೇ ಗೊತ್ತುಮಾಡಿ. ಸಭಾಂಗಣ ಯಾವತ್ತು ಖಾಲಿ ಎಂದು ನೋಡಿ ದಿನ ಇಟ್ಟುಕೊಂಡರೆ ಹುಣ್ಣಿಮೆಗೋ ಮಳೆಗೋ ಸಿಕ್ಕಿಬೀಳುತ್ತದೆ.

— ಕೆಲವು ಹವ್ಯಾಸಿ ಆಕಾಶ ವೀಕ್ಷಕರು, ತುಮಕೂರು