ಗಾಡಿ ಬರಲ್ಲ ಅಂದ್ರೆ ಬರಲ್ಲ ಅಂತ ಮೊದಲೇ ಹೇಳಿ: ಮೆಟ್ರೋ ಶಟಲ್ ಸೇವೆಯ ಬಗ್ಗೆ ದೂರು

ಗೆ,
ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಗಳು,
ಮೆಟ್ರೋ ಶಟಲ್ ಸೇವೆ, ಬೆಂಗಳೂರು

ವಿಷಯ: ಕಗ್ಗಲೀಪುರ ಕಡೆಯ ನಮ್ಮ ಬಡಾವಣೆಯಿಂದ ರೇಷ್ಮೆ ಸಂಸ್ಥೆ ಮೆಟ್ರೋ ನಿಲ್ದಾಣಕ್ಕೆ ಹೋಗುವ ಬೆಳಗಿನ 6.50ರ ಗಾಡಿ ಮತ್ತು ರಾತ್ರಿಯ ಕೊನೆಯ ಗಾಡಿ

ಮಾನ್ಯರೇ,

ನಾನು ನಿಮ್ಮ ತಿಂಗಳ ಪಾಸಿನಲ್ಲಿ ಓಡಾಡುವವಳು. ಜುಲೈನಿಂದ ತಿಂಗಳಿಗೆ 1,800 ರೂಪಾಯಿ ತಪ್ಪದೆ ಕಟ್ಟಿದ್ದೇನೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ. ಜನರಲ್ ಶಿಫ್ಟ್, ಬೆಳಿಗ್ಗೆ 8.30ಕ್ಕೆ ಬೆರಳೊತ್ತಬೇಕು. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದೆ.

ಊರಿನ ಈ ತುದಿಯಿಂದ ಆ ತುದಿಗೆ ಹೋಗುವ ದಾರಿ ನಮ್ಮದು. 2021ರ ಜನವರಿಯಲ್ಲಿ ಮೆಟ್ರೋದ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗೆ ಬಂದ ಮೇಲೆಯೇ ನಾವು ಇಷ್ಟು ದೂರ ಮನೆ ಮಾಡುವ ಧೈರ್ಯ ಮಾಡಿದ್ದು. ರೈಲು ಹತ್ತಿದರೆ ಚಿಂತೆಯಿಲ್ಲ. ಚಿಂತೆ ಇರುವುದು ಮನೆಯಿಂದ ರೈಲಿನವರೆಗಿನ ಎಂಟು ಕಿಲೋಮೀಟರಿಗೆ. ಸರ್ಕಾರಿ ಬಸ್ಸು ಮುಖ್ಯರಸ್ತೆಯಲ್ಲಿ ಹೋಗುತ್ತದೆ. ನಮ್ಮ ಬಡಾವಣೆ ಅಲ್ಲಿಂದ ಎರಡು ಕಿಲೋಮೀಟರ್ ಒಳಗಿದೆ. ಹೆಂಗಸರು 2023ರ ಜೂನ್ 11ರಿಂದ ಆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಹಾಗಿದ್ದರೂ ನಾನು ದುಡ್ಡು ಕೊಟ್ಟು ನಿಮ್ಮ ಪಾಸು ಮಾಡಿಸಿದ್ದು ಯಾಕೆ? ಮನೆ ಹತ್ತಿರಕ್ಕೇ ಬರ್ತೀವಿ, ಹೇಳಿದ ಟೈಮಿಗೆ ಬರ್ತೀವಿ ಅಂತ ನೀವು ಹೇಳಿದ್ದಕ್ಕೆ.

ಜುಲೈ, ಆಗಸ್ಟ್ ಎರಡು ತಿಂಗಳು ನೀವು ಮಾತು ಉಳಿಸಿಕೊಂಡಿರಿ. ಅದನ್ನು ಹೇಳದೆ ಇರುವುದು ತಪ್ಪಾಗುತ್ತದೆ. ಆಗ 6.50ಕ್ಕೆ ಗಾಡಿ ಬಂದರೆ 7.15ಕ್ಕೆ ನಿಲ್ದಾಣ, 8.15ರ ಒಳಗೆ ಪೀಣ್ಯ. ಅಕ್ಕಪಕ್ಕದ ನಾಲ್ಕು ಮನೆಯವರಿಗೆ ಪಾಸು ಮಾಡಿಸಿ ಅಂತ ಹೇಳಿದವಳೂ ನಾನೇ.

ಸೆಪ್ಟೆಂಬರ್ ಕೊನೆಯಿಂದ ಎಲ್ಲ ಕೆಟ್ಟಿದೆ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಿಮ್ಮ ಗಾಡಿಯ ಲೆಕ್ಕವನ್ನೂ ಬರೆದಿಟ್ಟಿದ್ದೇನೆ. ನವೆಂಬರಿನಲ್ಲಿ ನಾನು ಕೆಲಸಕ್ಕೆ ಹೋದದ್ದು 23 ದಿನ. ಅದರಲ್ಲಿ 11 ದಿನ 6.50ರ ಗಾಡಿ ಬರಲೇ ಇಲ್ಲ. ಇನ್ನು ಐದು ದಿನ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ತಡ. ಕ್ಯಾಲೆಂಡರಿನ ಫೋಟೋ ಈ ಪತ್ರದ ಜೊತೆ ಇಟ್ಟಿದ್ದೇನೆ.

ಗಾಡಿ ಕೆಡಬಹುದು, ಡ್ರೈವರಿಗೆ ಹುಷಾರಿಲ್ಲದೆ ಹೋಗಬಹುದು. ಅದು ನನಗೆ ಅರ್ಥವಾಗುತ್ತದೆ. ನನ್ನ ದೂರು ಬೇರೆ. ಬಾರದ ಗಾಡಿಯನ್ನು ನಿಮ್ಮ ಆಪ್ ಬರುತ್ತಿದೆ ಅಂತ ತೋರಿಸುತ್ತದೆ.

ನವೆಂಬರ್ 18, ಮಂಗಳವಾರದ ಮಾತು ಹೇಳುತ್ತೇನೆ. ಸ್ಟಾಪಿನಲ್ಲಿ ಒಂಬತ್ತು ಜನ ಇದ್ದೆವು. ಆಪಿನಲ್ಲಿ ‘4 ನಿಮಿಷ’ ಅಂತ ಬಂತು. ಹತ್ತು ನಿಮಿಷ ಆದ ಮೇಲೆ ನೋಡಿದರೂ 4 ನಿಮಿಷವೇ. ಮ್ಯಾಪಿನಲ್ಲಿ ಗಾಡಿಯನ್ನು ತೋರಿಸುವ ನೀಲಿ ಚುಕ್ಕೆ ದೇವಸ್ಥಾನದ ತಿರುವಿನಲ್ಲಿ ನಿಂತಿತ್ತು. ನಮ್ಮ ಜೊತೆಯಲ್ಲಿದ್ದ ಒಬ್ಬರು ಆ ತಿರುವಿನವರೆಗೂ ನಡೆದು ಹೋಗಿ ನೋಡಿ ಬಂದರು. ಅಲ್ಲಿ ಗಾಡಿಯೇ ಇರಲಿಲ್ಲ. ಪಕ್ಕದ ಬೀದಿಯ ಹುಡುಗಿಯೊಬ್ಬಳು ಎರಡನೇ ಪಿಯುಸಿ, ಬನಶಂಕರಿಯಲ್ಲಿ ಓದುತ್ತಾಳೆ. ಅವತ್ತು ಅವಳಿಗೆ ಪ್ರಾಕ್ಟಿಕಲ್ ಟೆಸ್ಟ್. ರೆಕಾರ್ಡ್ ಪುಸ್ತಕ ಎದೆಗೆ ಒತ್ತಿಕೊಂಡು ನಿಮಿಷಕ್ಕೊಂದು ಸಲ ನನ್ನ ಮೊಬೈಲಿಗೆ ಬಗ್ಗಿ ನೋಡುತ್ತಿದ್ದಳು. “ಆಂಟಿ, ಬರುತ್ತಲ್ವಾ?” ಅಂತ ಕೇಳಿದಳು. ಬರುತ್ತೆ ಪುಟ್ಟಾ, ನಾಲ್ಕೇ ನಿಮಿಷ ಅಂದೆ. ನಿಮ್ಮ ಆಪ್ ನಂಬಿ ಆ ಮಗುವಿಗೆ ನಾನು ಸುಳ್ಳು ಹೇಳಿದ ಹಾಗಾಯಿತು. 7.20ಕ್ಕೆ ‘ಟ್ರಿಪ್ ಮುಗಿದಿದೆ’ ಅಂತ ಬಂತು. ಯಾರನ್ನೂ ಹತ್ತಿಸಿಕೊಳ್ಳದ ಟ್ರಿಪ್ ಮುಗಿಯುವುದು ಹೇಗೆ?

ಆ ಹುಡುಗಿಯನ್ನೂ ಇನ್ನೊಬ್ಬರನ್ನೂ ಕರೆದುಕೊಂಡು ಆಟೋ ಹುಡುಕಿದೆ. ಈಗಿನ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಎಂಟು ಕಿಲೋಮೀಟರಿಗೆ 144 ಆಗಬೇಕು. ಕೇಳಿದ್ದು 280. ವಾಪಸ್ ಖಾಲಿ ಬರಬೇಕಲ್ಲಮ್ಮ ಅಂದರು. ಅವರ ಕಷ್ಟವೂ ನಿಜ ಇರಬಹುದು. ಆದರೆ ಮೆಟ್ರೋದ ಅತಿ ಹೆಚ್ಚಿನ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ಅದರ ಮೇಲೆ ನಿಮ್ಮ ಪಾಸು, ಅದರ ಮೇಲೆ ಈ ಆಟೋ. ನನ್ನಂಥವರ ಸಂಬಳದಲ್ಲಿ ಇದನ್ನು ಎಲ್ಲಿಂದ ತರುವುದು? ಅವತ್ತು ನನ್ನ ಅರ್ಧ ದಿನದ ಸಂಬಳವೂ ಹೋಯಿತು. ಹುಡುಗಿ ಹೇಗೋ ಟೆಸ್ಟಿಗೆ ಕೂತಳಂತೆ.

ಗಾಡಿ ಬರಲ್ಲ ಅಂತ ಆರೂಕಾಲಿಗೆ ಒಂದು ಮೆಸೇಜ್ ಬಂದಿದ್ದರೆ ನಾನು ಮುಖ್ಯರಸ್ತೆಯವರೆಗೆ ನಡೆದು ಬಸ್ಸು ಹಿಡಿಯುತ್ತಿದ್ದೆ. ಎರಡು ಕಿಲೋಮೀಟರ್ ನಡೆಯಲು ನನಗೆ ಬೇಜಾರಿಲ್ಲ. ಕಾಯಿಸಿ ಕೈ ಕೊಡುವುದು ಮಾತ್ರ ಸಹಿಸಲು ಆಗುವುದಿಲ್ಲ.

ರಾತ್ರಿಯ ಕಥೆಯೂ ಹೀಗೇ. ತಿಂಗಳ ಕೊನೆಯಲ್ಲಿ ಸ್ಟಾಕ್ ಲೆಕ್ಕ ಇರುವುದರಿಂದ ನಾನು ಬರುವುದು ತಡ. ನಿಲ್ದಾಣದಿಂದ ನಿಮ್ಮ ಕೊನೆಯ ಗಾಡಿ 9.10ಕ್ಕೆ. ನವೆಂಬರ್ 28ರಂದು ನನ್ನ ರೈಲು ನಿಂತಾಗ 9.08. ಮೆಟ್ಟಿಲು ಇಳಿಯುತ್ತಿದ್ದಾಗ ಗಾಡಿಯ ಹಿಂದಿನ ಕೆಂಪು ದೀಪ ಕಂಡಿತು. ಅದರಲ್ಲಿ ಇದ್ದದ್ದು ಇಬ್ಬರೇ. ನನ್ನ ಹಿಂದೆ ಇನ್ನೂ ಆರು ಜನ ಇಳಿಯುತ್ತಿದ್ದರು. ಮಾರನೆಯ ದಿನ ಡ್ರೈವರನ್ನು ಕೇಳಿದೆ. “ಅಕ್ಕಾ, ಟೈಮ್ ಆಯ್ತು ಹೊರಡು ಅಂತ ಮೊಬೈಲ್‌ನಲ್ಲಿ ಬರುತ್ತೆ. ಎರಡು ನಿಮಿಷ ನಿಂತ್ರೆ ದುಡ್ಡು ಹಿಡಿತಾರೆ” ಅಂದರು. ಇನ್ನೊಂದು ಮಾತೂ ಹೇಳಿದರು. ನಮ್ಮ ದಾರಿಗೆ ಎರಡು ಗಾಡಿ ಇದ್ದವು, ಒಂದನ್ನು ಯಾವುದೋ ಆಫೀಸಿನ ಡ್ಯೂಟಿಗೆ ಹಾಕಿದ್ದಾರೆ ಅಂತ. ಇದು ನಿಜವಾದರೆ ನಮ್ಮಿಂದ ಎರಡು ಗಾಡಿಯ ದುಡ್ಡು ತಗೊಂಡು ಒಂದೇ ಗಾಡಿ ಓಡಿಸುತ್ತಿದ್ದೀರಿ. ದಯವಿಟ್ಟು ಇದಕ್ಕೆ ನೇರವಾಗಿ ಉತ್ತರ ಕೊಡಿ. ಈ ಮಾತು ಹೇಳಿದ್ದಕ್ಕೆ ಆ ಡ್ರೈವರಿಗೆ ಏನೂ ತೊಂದರೆ ಕೊಡಬೇಡಿ. ವಯಸ್ಸಾದವರು ಹತ್ತುವಾಗ ಇಳಿದು ಬಂದು ಕೈ ಹಿಡಿಯುವ ಮನುಷ್ಯ ಅವರು.

ಸ್ಟಾಪಿನ ವಿಷಯವೂ ಇದೆ. ಅಕ್ಟೋಬರಿನಿಂದ ಸಂಜೆ ನಮ್ಮನ್ನು ಬಡಾವಣೆಯ ಒಳಗೆ ಬಿಡದೆ ಮುಖ್ಯರಸ್ತೆಯ ಆಚೆ ಬದಿಯಲ್ಲಿ ಇಳಿಸುತ್ತಿದ್ದೀರಿ. ಅದು ರಾಷ್ಟ್ರೀಯ ಹೆದ್ದಾರಿ, ಮೊದಲು 209, ಈಗ 948. ಹಾರೋಹಳ್ಳಿ ಕಡೆಯ ಲಾರಿಗಳು ಕತ್ತಲಲ್ಲಿ ಯಾವ ವೇಗದಲ್ಲಿ ಬರುತ್ತವೆ ಅಂತ ಒಂದು ಸಲ ಬಂದು ನಿಂತು ನೋಡಿ. ಅಲ್ಲಿ ದೀಪವಿಲ್ಲ, ದಾಟಲು ಪಟ್ಟೆಯೂ ಇಲ್ಲ.

ಇದಕ್ಕೂ ಮೊದಲು ಆಪಿನಲ್ಲಿ ಆರು ಸಲ ದೂರು ಕೊಟ್ಟಿದ್ದೇನೆ. ಆರು ಸಲವೂ ‘ವಿಷಾದಿಸುತ್ತೇವೆ’ ಅಂತ ಬಂದು, ಅದೇ ದಿನ ದೂರು ಮುಚ್ಚಿಹೋಗಿದೆ. ಫೋನ್ ಮಾಡಿದರೆ ಇಂಗ್ಲಿಷ್ ಇಲ್ಲವೇ ಹಿಂದಿ. ನಮ್ಮ ಸ್ಟಾಪಿನಲ್ಲಿ ಹೂವು ಮಾರಲು ಹೋಗುವ ಅಮ್ಮ ಒಬ್ಬರಿದ್ದಾರೆ. ಅವರೂ ನನ್ನಷ್ಟೇ ದುಡ್ಡು ಕೊಡುತ್ತಾರೆ. ತಮ್ಮ ಕಷ್ಟವನ್ನು ಅವರು ಕನ್ನಡದಲ್ಲಿ ಹೇಳಿಕೊಳ್ಳುವ ಹಾಗಿರಬೇಕು, ಅಲ್ವಾ?

ನನಗೆ ಬೇಕಾದದ್ದು ಇಷ್ಟು. ಬೆಳಿಗ್ಗೆ ಗಾಡಿ ಇಲ್ಲದ ದಿನ ಆರೂಕಾಲಿನ ಒಳಗೆ ಕನ್ನಡದಲ್ಲಿ ಮೆಸೇಜ್ ಕಳಿಸಿ. ಇದು ಎಲ್ಲಕ್ಕಿಂತ ಮುಖ್ಯ. ರಾತ್ರಿಯ ಕೊನೆಯ ಗಾಡಿ ರೈಲು ಬಂದು ಐದು ನಿಮಿಷ ಆದ ಮೇಲೆ ಹೊರಡಲಿ. ಸಂಜೆ ಮೊದಲಿನ ಹಾಗೆ ಬಡಾವಣೆಯ ಒಳಗೇ ಇಳಿಸಿ. ಬಾರದ 11 ಟ್ರಿಪ್ಪಿಗೆ ಪಾಸಿನ ಲೆಕ್ಕದಲ್ಲಿ ಒಂದಕ್ಕೆ ಸುಮಾರು 35ರಂತೆ 385 ರೂಪಾಯಿ ಆಗುತ್ತದೆ. ಅದನ್ನು ವಾಪಸ್ ಕೊಡಿ. ನನಗೆ ಮಾತ್ರ ಅಲ್ಲ, ಆ ದಿನಗಳಲ್ಲಿ ಕಾದು ನಿಂತ ಎಲ್ಲರಿಗೂ.

ಆನ್‌ಲೈನಿನಲ್ಲಿ ಸೇವೆ ಮಾರುವವರು 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯ ಒಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅಷ್ಟು ದಿನ ಕಾಯುತ್ತೇನೆ. ಆಗಲೂ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಹೇಳಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಸ್ಟಾಪಿನ ಇನ್ನೂ ಏಳು ಜನ ಸಹಿ ಹಾಕಲು ಒಪ್ಪಿದ್ದಾರೆ.

ನಾಳೆ ಬೆಳಿಗ್ಗೆಯೂ 6.45ಕ್ಕೆ ನಾನು ಸ್ಟಾಪಿನಲ್ಲಿ ಇರುತ್ತೇನೆ. ಗಾಡಿ ಇಲ್ಲದಿದ್ದರೆ ಇವತ್ತು ರಾತ್ರಿಯೇ ತಿಳಿಸಿ.

ಇಂತಿ,
6.50ರ ಗಾಡಿಯ ಪಾಸುದಾರಳು
ಲಗತ್ತು: ಕ್ಯಾಲೆಂಡರಿನ ಫೋಟೋ, ನವೆಂಬರ್ 18ರ ಆಪ್ ಚಿತ್ರಗಳು, ಪಾಸಿನ ರಸೀದಿ