ಎಂಟ್ರಿ ಮುಗಿದ ಮೇಲಿನ ಕೆಲಸ

ಮಡಿಕೇರಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಬಿಟ್ಟಿಲ್ಲ. ಪೊನ್ನಂಪೇಟೆ ಕಡೆಯೂ ಹಾಗೇ ಇರಬೇಕು.

ಮೊನ್ನೆ ಫೋನಿನಲ್ಲಿ 'ಪಾಠಕ್ಕಿಂತ ಎಂಟ್ರಿನೇ ಜಾಸ್ತಿ ಆಗಿದೆ ದೊಡ್ಡಮ್ಮ' ಅಂದೆಯಲ್ಲ, ಅದು ಮನಸ್ಸಿನಲ್ಲೇ ಉಳಿಯಿತು. ಎಫ್‌ಎ-1, ಅಂದರೆ ವರ್ಷದ ಮೊದಲ ರೂಪಣಾತ್ಮಕ ಮೌಲ್ಯಮಾಪನದ ಅಂಕವನ್ನು ಶಾಲೆಯ ಆ್ಯಪ್‌ಗೂ ಹಾಕಬೇಕು, ಮಕ್ಕಳ ದಾಖಲೆ ಇಡುವ ಸರ್ಕಾರದ ಸ್ಯಾಟ್ಸ್ ತಂತ್ರಾಂಶಕ್ಕೂ ಹಾಕಬೇಕು. ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಸರ್ವರ್ ತೆರೆಯುವುದಿಲ್ಲ. ನಿನ್ನ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲಾ ತುಂಬಿಸಿದ ಮೇಲೆ ಆ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿದೆಯಾ ಅಂತ ಕೇಳಿದ್ದಕ್ಕೆ 'ಮುಗಿಯಿತಲ್ಲ, ಇನ್ನೇನು ನೋಡುವುದು' ಅಂದೆ. ಅದಕ್ಕೇ ಕೂತು ಇಷ್ಟುದ್ದ ಬರೆಯುತ್ತಿದ್ದೇನೆ.

ನಿನ್ನ ಕೆಲಸ ಶುರುವಾಗುವುದೇ ಅಲ್ಲಿಂದ, ಮಗಳೇ. ಯಾವ ಮಗುವನ್ನು ಹತ್ತಿರ ಕೂರಿಸಿಕೊಳ್ಳಬೇಕು, ಏನು ಕೇಳಬೇಕು ಅಂತ ಅಂಕವಹಿ ನಿನಗೆ ಹೇಳಬೇಕು. ಮಗುವಿಗೆ ಎಷ್ಟು ಅರ್ಥವಾಗಿದೆ, ಅದನ್ನು ಬಳಸಲು ಬರುತ್ತದಾ ಅಂತ ನಿರಂತರವಾಗಿ ನೋಡುತ್ತಿರಬೇಕು ಅಂತಲೇ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ನಡುನಡುವೆ ನಾಲ್ಕು ಎಫ್‌ಎ, ಅರ್ಧ ವರ್ಷಕ್ಕೊಂದರಂತೆ ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಅಂತ ವರ್ಷವನ್ನು ಹಂಚಿರುವುದೂ ಅದಕ್ಕೇ.

ಗ್ರೇಡನ್ನು ಜಾಸ್ತಿ ನಂಬಬೇಡ. 'ನನ್ನ ಕ್ಲಾಸಿನಲ್ಲಿ ಬಿ ಪ್ಲಸ್‌ನವರೇ ಹೆಚ್ಚು, ಪರವಾಗಿಲ್ಲ' ಅಂದೆ. ಬಿ ಪ್ಲಸ್ ಅಂದರೆ ನೂರಕ್ಕೆ 50ರಿಂದ 69. ಒಂದು ಪರೀಕ್ಷೆಯಲ್ಲಿ 68 ತೆಗೆದ ಹುಡುಗ ಮುಂದಿನದರಲ್ಲಿ 52ಕ್ಕೆ ಇಳಿದರೂ ಅವನದು ಬಿ ಪ್ಲಸ್ಸೇ. 31ರಿಂದ 48ಕ್ಕೆ ಹತ್ತಿದ ಹುಡುಗಿಗೆ ಮೊದಲೂ ಬಿ, ಈಗಲೂ ಬಿ. ಅವಳು ಪಟ್ಟ ಕಷ್ಟ ಪ್ರಗತಿ ಪತ್ರದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ನೀನೂ ನೋಡದಿದ್ದರೆ ಇನ್ಯಾರು ನೋಡಬೇಕು? ಅಂಕದ ಪಟ್ಟಿ ತೆರೆದು ಒಂದೊಂದು ಮಗುವಿನ ಸಾಲನ್ನು ಅಡ್ಡಕ್ಕೆ ಓದು. ಮೇಲಿಂದ ಕೆಳಗೆ ಓದಿದರೆ ಯಾರು ಮುಂದೆ, ಯಾರು ಹಿಂದೆ ಅಂತ ಮಾತ್ರ ಗೊತ್ತಾಗುತ್ತದೆ. ಅಡ್ಡಕ್ಕೆ ಓದಿದರೆ ಆ ಮಗು ಜೂನ್‌ನಲ್ಲಿ ಎಲ್ಲಿತ್ತು, ಈಗ ಎಲ್ಲಿಗೆ ಬಂತು ಅಂತ ಕಾಣುತ್ತದೆ.

ಇನ್ನು ಸೊನ್ನೆ. ಇದರಲ್ಲಿ ತುಂಬಾ ಹುಷಾರಾಗಿರು. 15 ಅಂಕಕ್ಕೆ ನಾಲ್ಕು ಕಿರುಪರೀಕ್ಷೆ ಮಾಡಿದೆ ಅಂದುಕೋ. ಒಬ್ಬಳಿಗೆ 12, 13, 11 ಬಂತು. ಒಂದಕ್ಕೆ ಬರಲಿಲ್ಲ. ಪಟ್ಟಿಯಲ್ಲಿ ಆ ಚೌಕವನ್ನು ಖಾಲಿ ಬಿಟ್ಟರೆ ಸರಾಸರಿ 12, ಅಂದರೆ ನೂರಕ್ಕೆ 80, ಎ ಗ್ರೇಡ್. ಅಲ್ಲಿ ಸೊನ್ನೆ ಒತ್ತಿದರೆ ಸರಾಸರಿ 9ಕ್ಕೆ ಬೀಳುತ್ತದೆ, ಅಂದರೆ 60, ಬಿ ಪ್ಲಸ್. ಕಂಪ್ಯೂಟರು ಸೊನ್ನೆಯನ್ನು ಅಂಕ ಅಂತಲೇ ಕೂಡಿಸುತ್ತದೆ. ಲಕ್ಷ್ಮಣತೀರ್ಥ ತುಂಬಿ ದಾರಿ ಮುಳುಗಿತ್ತೋ, ತೋಟದ ದಾರಿಯಲ್ಲಿ ಆನೆ ನಿಂತಿತ್ತೋ ಅದಕ್ಕೇನು ಗೊತ್ತು? ಬರದವರಿಗೆ ಗೈರು ಅಂತ ಹಾಕು, ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲು ಬರಿ, ಆಮೇಲೆ ಆ ಪರೀಕ್ಷೆಯನ್ನು ಇನ್ನೊಮ್ಮೆ ಕೊಡು. ಕಾಫಿ ಕೊಯ್ಲಿನ ಕಾಲದಲ್ಲಿ ಇದು ಇನ್ನೂ ಜಾಸ್ತಿ ಬೇಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೊಯ್ಲಿಗೆ ಹೋದರೆ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳುವುದು ನಿನ್ನ ಕ್ಲಾಸಿನ ಹುಡುಗಿಯೇ. ಎಫ್‌ಎ-3, ಎಫ್‌ಎ-4 ನಡೆಯುವುದೂ ಅದೇ ಹೊತ್ತಿಗೆ.

ಕರೆಂಟ್ ಹೋದಾಗ ಪರದಾಡಬೇಡ. ಅಂಕವನ್ನು ಮೊದಲು ಪುಸ್ತಕದಲ್ಲಿ ಬರೆದಿಟ್ಟುಕೋ, ಆಮೇಲೆ ಹಾಕಿದರಾಯಿತು. ಕೊನೆಯ ದಿನ ಅಂದಾಜಿನಲ್ಲಿ ಮಾತ್ರ ಯಾವತ್ತೂ ತುಂಬಿಸಬೇಡ.

ಒಟ್ಟು ಅಂಕ ಒಂದನ್ನೇ ಇಟ್ಟುಕೊಂಡರೆ ಮಗುವಿನ ಜೊತೆ ಮಾತಾಡಲು ಏನೂ ಸಿಗುವುದಿಲ್ಲ. ಗಣಿತದ ಒಂದು ಕಾಲಂ ಅನ್ನು ಮೂರು ಮಾಡು. ಬರೀ ಲೆಕ್ಕ, ಚಿತ್ರದ ಲೆಕ್ಕ, ಮಾತಿನಲ್ಲಿ ಕೊಟ್ಟ ಲೆಕ್ಕ. ಆ್ಯಪ್‌ನಲ್ಲಿ ಜಾಗವಿಲ್ಲದಿದ್ದರೆ ನಿನ್ನದೇ ಒಂದು ಎಕ್ಸೆಲ್ ಹಾಳೆ ಇಟ್ಟುಕೋ. ಇಬ್ಬರಿಗೆ 15ಕ್ಕೆ 9 ಬಂದಿದೆ ಅಂತಿಟ್ಟುಕೋ. ಒಬ್ಬ ಅರ್ಧ ಮತ್ತು ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಅಂತ ಬರೆದಿದ್ದಾನೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾನೆ. ಅವನಿಗೆ ಭಿನ್ನರಾಶಿಯನ್ನೇ ಮತ್ತೆ ಹೇಳಿಕೊಡಬೇಕು, ಕಾಗದ ಮಡಚಿ ತೋರಿಸಬೇಕು. ಇನ್ನೊಬ್ಬಳು ಬರೀ ಲೆಕ್ಕವನ್ನೆಲ್ಲ ಸರಿ ಮಾಡಿ, ಮಾತಿನ ಲೆಕ್ಕವನ್ನು ಮುಟ್ಟಿಯೇ ಇಲ್ಲ. ಅವಳಿಗೆ ಗಣಿತ ಬರುತ್ತದೆ, ಪ್ರಶ್ನೆಯ ಕನ್ನಡ ಓದಿ ಅರ್ಥ ಮಾಡಿಕೊಳ್ಳಲು ಆಗಿಲ್ಲ. ನಮ್ಮ ಜಿಲ್ಲೆಯ ಮಕ್ಕಳ ಮನೆಮಾತು ಒಂದಾ ಎರಡಾ? ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಎರವರ ಮಾತು, ಬ್ಯಾರಿ. ಆ ಹುಡುಗಿಗೆ ಪ್ರಶ್ನೆಯನ್ನು ನೀನೇ ನಿಧಾನವಾಗಿ ಓದಿ ಹೇಳಿ ನೋಡು. ಉತ್ತರ ಥಟ್ಟನೆ ಬಂದರೆ ಅವಳಿಗೆ ಬೇಕಿರುವ ಪರಿಹಾರ ಬೋಧನೆ ಯಾವುದು ಅಂತ ನಿನಗೇ ಗೊತ್ತಾಗುತ್ತದೆ.

ಮಾತಾಡಲು ಕೂರುವಾಗ ಉತ್ತರ ಪತ್ರಿಕೆ ಮುಂದಿರಲಿ, ಮೊಬೈಲು ಬೇಡ. ಮಗುವನ್ನೇ ಕೇಳು, 'ಇಲ್ಲಿ ಹೀಗೆ ಯಾಕೆ ಮಾಡಿದೆ?' ಅಂತ. ಕೇಳಿ ಸುಮ್ನೆ ಕಾಯಿ. ಮಕ್ಕಳು ಹೇಳಲು ಹೊತ್ತು ತೆಗೆದುಕೊಳ್ಳುತ್ತಾರೆ.

ಪೋಷಕರ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ. ಈಗ ನೀನು ಒತ್ತಿದ ತಕ್ಷಣ ಅಂಕ ಅವರ ಮೊಬೈಲಿಗೆ ಹೋಗುತ್ತದೆ. ಸೈನ್ಯದಲ್ಲಿರುವ ಅಪ್ಪ ಎಲ್ಲೋ ದೂರದ ಗಡಿಯಲ್ಲಿ ಕೂತು ಮಗನ ಅಂಕ ನೋಡಬಹುದು. ಇದು ದೊಡ್ಡ ಅನುಕೂಲವೇ. ಆದರೆ ರಾತ್ರಿ ಹತ್ತು ಗಂಟೆಗೆ ಬರೀ '7/15' ಅಂತ ಕಂಡರೆ ಆ ಮನೆಯಲ್ಲಿ ಏನಾಗುತ್ತದೆ ಯೋಚಿಸು. ಕಡಿಮೆ ಬಂದ ಮಗುವಿನ ಜೊತೆ ಮೊದಲು ನೀನು ಮಾತಾಡಿರಬೇಕು, ಆಮೇಲೆ ಅಂಕ ಹೋಗಬೇಕು. ಅಂಕದ ಜೊತೆ ಎರಡು ಸಾಲು ಬರಿ. ಏನು ಬರುತ್ತದೆ, ಏನು ಬರುತ್ತಿಲ್ಲ, ಮನೆಯಲ್ಲಿ ಏನು ಮಾಡಬಹುದು, ಅಷ್ಟೇ. ಸ್ಮಾರ್ಟ್ ಫೋನ್ ಇಲ್ಲದವರನ್ನು ಮರೆಯಬೇಡ. ಇಂಥವರಿಗೆ ಆ್ಯಪ್ ತಲುಪುವುದಿಲ್ಲ ಅಂತ ಗುರುತು ಹಾಕಿಟ್ಟುಕೋ. ಕೆಲಸದ ದಿನ ಸಭೆಗೆ ಕರೆದರೆ ಅವರಿಗೆ ಆ ದಿನದ ಕೂಲಿ ಹೋಗುತ್ತದೆ. ಸಂಜೆ ಕರೆ, ಇಲ್ಲವೇ ಸಂತೆಯ ದಿನ ಸಿಗು.

ಪೂರ್ತಿ ಕ್ಲಾಸಿನ ಪಟ್ಟಿಯನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕು ಅಂತ ಯಾರೇ ಹೇಳಿದರೂ ಒಪ್ಪಬೇಡ. ಹಿರಿಯ ಶಿಕ್ಷಕರೇ ಹೇಳಿದರೂ ಮೆತ್ತಗೆ ಆಗುವುದಿಲ್ಲ ಅನ್ನು. ಅದೇ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಊರೆಲ್ಲ ನೋಡುವ ಪಟ್ಟಿಯ ಕೊನೆಯಲ್ಲಿ ತನ್ನ ಹೆಸರು ಕಂಡ ಮಗುವಿಗೆ ಅದು ಹಿಂಸೆಯಲ್ಲದೆ ಮತ್ತೇನು? ಪಾಸ್‌ವರ್ಡನ್ನೂ ಯಾರಿಗೂ ಕೊಡಬೇಡ.

ಕೈಲ್ ಮುಹೂರ್ತ ಹಬ್ಬಕ್ಕೆ ಮನೆಗೆ ಬರುತ್ತೀಯಲ್ಲ, ಆಗ ನಿನ್ನ ಎಕ್ಸೆಲ್ ಹಾಳೆಯ ಒಂದು ಪ್ರತಿ ತಾ. ಮಕ್ಕಳ ಹೆಸರಿನ ಕಾಲಂ ಅಳಿಸಿಯೇ ತಾ, ನನಗೂ ಹೆಸರು ಬೇಡ. ಎಸ್‌ಎ-1ಕ್ಕೆ ಮೊದಲು ಯಾರ ಜೊತೆ ಕೂರಬೇಕು ಅಂತ ಇಬ್ಬರೂ ಸೇರಿ ಸಾಲು ಸಾಲಾಗಿ ನೋಡೋಣ. ಮಳೆಯಲ್ಲಿ ನೆನೆಯಬೇಡ.

ಇಂತಿ,
ನಿನ್ನ ದೊಡ್ಡಮ್ಮ